ನೀಲಿ ಗುರುತು, ಖಡಕ್ ರೊಟ್ಟಿ

ನಿವೃತ್ತಳಾದ ಮೇಲೂ ನನ್ನ ಪರ್ಸಿನಲ್ಲಿ ಎರಡು ಪೆನ್ನು ಇರುತ್ತವೆ, ನೀಲಿಯದೊಂದು, ಕೆಂಪಿನದೊಂದು. ಕೆಂಪು ಯಾಕೆ ಎಂದು ಮಗಳು ಕೇಳುತ್ತಾಳೆ. ಹೋಟೆಲಿನ ತಿಂಡಿಪಟ್ಟಿಯಲ್ಲಿ ಕಾಗುಣಿತ ತಪ್ಪಿದ್ದರೂ ಕೈ ತಾನಾಗಿ ಅತ್ತ ಹೋಗುತ್ತದೆ, ಏನು ಮಾಡಲಿ.

ದೇವದುರ್ಗದಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲೇ ಗೇಟಿನಲ್ಲಿ ನಿಲ್ಲುತ್ತಿದ್ದೆ. ನನ್ನನ್ನು ನೋಡಿ ಎದುರಿನ ಚಹಾದಂಗಡಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂದು ಎಲ್ಲರಿಗೂ ಹೇಳುತ್ತೇನೆ. ಆ ಅಂಗಡಿಯಲ್ಲಿ ಗಡಿಯಾರವೇ ಇರಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಈಗ ರಾಯಚೂರಿನಲ್ಲಿ, ನಿಧಾನವಾಗಿ ಕಲಿಯುವ ವಿಶೇಷ ಮಕ್ಕಳ ಸಣ್ಣ ಶಾಲೆಗೆ ಹೋಗುತ್ತೇನೆ. ಮೊದಲ ವಾರವೇ ಪ್ರಗತಿ ಕಾರ್ಡಿಗೆ ಗೆರೆ ಎಳೆದೆ. ಅಂಗಿಯ ಗುಂಡಿ ಹಾಕುವುದು, ಹತ್ತರವರೆಗೆ ಎಣಿಸುವುದು, ಹೆಸರು ಬರೆಯುವುದು, ಹೀಗೆ ಒಂದೊಂದಕ್ಕೂ ಒಂದು ಮನೆ. ಬಂದರೆ ನೀಲಿ ಗುರುತು, ಬಾರದಿದ್ದರೆ ಕೆಂಪು. ತಿಂಗಳ ಕೊನೆಯ ಶನಿವಾರ ಕಾರ್ಡು ಮನೆಗೆ ಹೋಗಬೇಕು, ಸೋಮವಾರ ಪಾಲಕರ ಸಹಿಯೊಂದಿಗೆ ವಾಪಸು ಬರಬೇಕು.

ಕುರ್ಡಿಯಿಂದ ಬಸ್ಸಿನಲ್ಲಿ ಬರುವ ಶರಣಮ್ಮನಿಗೆ ಹನ್ನೆರಡು ವರ್ಷ. ಆರು ತಿಂಗಳು ಅವಳ ಕಾರ್ಡು ಪೂರ್ತಿ ಕೆಂಪು. ಏಳನೆಯ ತಿಂಗಳ ಶನಿವಾರ ಅವಳ ತಾಯಿ ಹುಲಿಗೆಮ್ಮ ಒಂದು ಬಟ್ಟೆಗಂಟು ಹಿಡಿದು ತಾನೇ ಬಂದಳು.

"ಅಕ್ಕಾರ, ಈ ಸಲ ಒಂದರ ನೀಲಿ ಹಾಕ್ರಿ."

"ಬರದೇ ಇದ್ದದ್ದಕ್ಕ ಹೆಂಗ ಹಾಕ್ಲೆವ್ವಾ?"

"ಇವರಪ್ಪಗ ಅಕ್ಷರ ಬರಂಗಿಲ್ರಿ, ಬಣ್ಣ ತಿಳೀತದ. ಕೆಂಪಂದ್ರ ನಪಾಸು ಅಂತಾನ. ಈ ತಿಂಗಳೂ ಕೆಂಪಾದ್ರ ಸಾಲಿ ಬ್ಯಾಡ, ಮನ್ಯಾಗ ಇರ್ಲಿ ಅಂದಾನ."

ಸುಳ್ಳು ಬರೆಯುವವಳಲ್ಲ ನಾನು. ಆದರೆ ನನ್ನ ಕೆಂಪು ಗುರುತಿಗಾಗಿ ಒಂದು ಹುಡುಗಿ ಬಸ್ಸು ಹತ್ತುವುದೇ ನಿಂತುಹೋಗುತ್ತದೆ ಎಂಬುದು ನಾನೆಳೆದ ಯಾವ ಮನೆಯಲ್ಲೂ ಕೂರಲಿಲ್ಲ. "ಮನ್ಯಾಗ ಏನರ ಕಲ್ತಾಳೇನು?" ಎಂದೆ.

ಹುಲಿಗೆಮ್ಮ ಗಂಟು ಬಿಚ್ಚಿದಳು. ಒಳಗೆ ನಾಲ್ಕು ಜೋಳದ ರೊಟ್ಟಿ, ಒಣಗಿ ಖಡಕ್ ಆದವು. ನಮ್ಮ ಕಡೆ ಹಾಗೆ ಒಣಗಿಸಿಟ್ಟ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಗಳು ರೊಟ್ಟಿ ತಟ್ಟಲು ಕೂತಾಗಿನಿಂದ ಅವಳ ಕೈಯದನ್ನು ತಾಯಿ ಹಬ್ಬಕ್ಕೊಂದು ತೆಗೆದಿಟ್ಟಿದ್ದಳಂತೆ. ದಾಖಲೆ ಕಂಡರೆ ನಾನು ಸುಮ್ಮನಿರುವವಳಲ್ಲ. ತಾರೀಖು ಎಲ್ಲಿ ಎಂದು ಕೇಳಿದೆ.

"ರೊಟ್ಟಿ ಮ್ಯಾಲ ಯಾರರ ತಾರೀಖು ಬರೀತಾರೇನ್ರಿ? ಇದು ಪಂಚಮಿದು. ಇದು ಮಾನೌಮಿದು, ಇದು ದೀಪಾವಳಿದು. ಇದು ಮೊನ್ನಿ ಎಳ್ಳಮಾಸಿದು."

ಪಂಚಮಿಯದರಲ್ಲಿ ಐದು ಬೆರಳು ತೂರಿದ ತೂತುಗಳಿದ್ದವು. ಮಹಾನವಮಿಯದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೀದದ್ದು. ದೀಪಾವಳಿಯದಕ್ಕೆ ಅಂಚು ಬಂದಿತ್ತು. ಎಳ್ಳಮಾವಾಸ್ಯೆಯದು ಗುಂಡಗೆ, ತೆಳ್ಳಗೆ. ಇಷ್ಟು ವರ್ಷ ಸಂಸಾರ ಮಾಡಿದ ನಾನು ಇನ್ನೂ ಪಂಚಮಿಯಲ್ಲೇ ನಿಂತಿದ್ದೇನೆ.

ಪಕ್ಕದಲ್ಲಿ ನನ್ನ ಆರು ಕಾರ್ಡುಗಳನ್ನಿಟ್ಟೆ. ಜೂನಿನದನ್ನು ನವೆಂಬರಿನ ಜಾಗದಲ್ಲಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ. ರೊಟ್ಟಿಗಳನ್ನು ಹಾಗೆ ಅದಲುಬದಲು ಮಾಡುವಂತಿರಲಿಲ್ಲ. ಊರು ಮುಟ್ಟಿದಳೇ ಇಲ್ಲವೇ ಎಂದಷ್ಟೇ ನಾನು ಕೇಳಿದ್ದೆ. ಎಲ್ಲಿಯವರೆಗೆ ಬಂದಿದ್ದಾಳೆ ಎಂದು ಈ ತಾಯಿ ನೋಡಿದ್ದಳು.

"ಅವರಪ್ಪ ದಿನಾ ಇದನ್ನ ತಿಂತಾನಲ್ಲ, ತಿಳಿಯಂಗಿಲ್ಲೇನು?"

"ದಿನಾ ತಿನ್ನೋರಿಗೆ ಫರಕ್ ಗೊತ್ತಾಗಂಗಿಲ್ರಿ."

ಕಾರ್ಡಿಗೆ ಹೊಸ ಮನೆ ಎಳೆದೆ: ರೊಟ್ಟಿ ತಟ್ಟುವುದು. ನೀಲಿ ಗುರುತು ಹಾಕಿದೆ. ಸುಳ್ಳಲ್ಲ, ಸಾಕ್ಷಿ ಮೇಜಿನ ಮೇಲಿತ್ತು. ಉಳಿದ ಮನೆಗಳಿಗೆ ಕೆಂಪು ಹಾಕದೆ, ಎಲ್ಲಿಯವರೆಗೆ ಬಂದಿದ್ದಾಳೆ ಎಂದು ಪೆನ್ಸಿಲಿನಲ್ಲಿ ಬರೆದೆ. ಗುಂಡಿಯನ್ನು ಅವಳು ತೂತಿನ ತನಕ ತರುತ್ತಿದ್ದದ್ದು ಆಗ ನೆನಪಾಯಿತು. "ಇವನ್ನೂ ಅವರಪ್ಪನ ಮುಂದ ಸಾಲಾಗಿ ಇಡು, ಪಂಚಮಿದು ಮೊದಲು" ಎಂದು ಗಂಟು ಕಟ್ಟಿಕೊಟ್ಟೆ.

ಸೋಮವಾರ ನಾನು ನೇರ ಶಾಲೆಗೆ ಹೋಗದೆ ಬಸ್ ನಿಲ್ದಾಣದಲ್ಲಿ ನಿಂತೆ. ಬಸ್ಸು ತಡವಾಗಿ ಬಂತು. ಎಲ್ಲರೂ ಇಳಿದ ಮೇಲೆ, ಕೊನೆಗೆ ಶರಣಮ್ಮ ಇಳಿದಳು. ಕಾರ್ಡಿನಲ್ಲಿ ಅವರಪ್ಪನ ಹೆಬ್ಬೆಟ್ಟಿತ್ತು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ, ಇನ್ನೂ ಮೆತ್ತಗಿದ್ದ ಒಂದು ರೊಟ್ಟಿ.

"ನಾ ತಟ್ಟಿದ್ದು. ಅಪ್ಪ ಕೊಡು ಅಂದಾನ," ಎಂದಳು.

ಈ ರೊಟ್ಟಿ ಮನೆಯವರು ಕಳಿಸಿದ ಕಾರ್ಡು. ಇದಕ್ಕೆ ನಾನೆಲ್ಲಿ ಸಹಿ ಹಾಕಲಿ? ದಾಖಲೆಗೆ ಹಾನಿ ಮಾಡಬಾರದೆಂಬ ನಿಯಮ ಬೇರೆ ನನ್ನದೇ. ಶರಣಮ್ಮ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ಅಂಚು ಮುರಿದು ಬಾಯಿಗಿಟ್ಟೆ.

ಆ ದಿನ ಇಬ್ಬರೂ ಶಾಲೆ ಮುಟ್ಟುವಾಗ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ತಡ' ಎಂದು ನಾನೇ ಬರೆದುಕೊಂಡೆ, ನೀಲಿಯಲ್ಲಿ.