ಎರಡು ಹಡಗು, ನಾಲ್ಕು ಬೀಗರು

೨೦೦೭ರ ಅಕ್ಟೋಬರ್. ಹ್ಯೂಸ್ಟನ್ನಿನ ನೈಋತ್ಯ ಭಾಗದಲ್ಲಿ, ಒಂದು ಸೀರೆ ಅಂಗಡಿಗೂ ಒಬ್ಬ ದಂತವೈದ್ಯರ ಕ್ಲಿನಿಕ್ಕಿಗೂ ನಡುವೆ ನನ್ನ ಟ್ರಾವೆಲ್ ಏಜೆನ್ಸಿ ಇತ್ತು. ಶುರುವಾಗಿ ಹತ್ತೊಂಬತ್ತು ವರ್ಷ ಆಗಿತ್ತು. ಎರಡು ಮೇಜು, ಒಂದು ಫ್ಯಾಕ್ಸ್ ಮಷೀನು, ನಾನು. ಬೆಂಗಳೂರಿನ ವಿಮಾನದ ಟಿಕೆಟ್ಟನ್ನು ಜನ ಇಂಟರ್‌ನೆಟ್ಟಿನಲ್ಲಿ ತಾವೇ ಕೊಳ್ಳಲು ಶುರುಮಾಡಿ ನನ್ನ ಅರ್ಧ ವ್ಯಾಪಾರ ಕೊಚ್ಚಿಹೋಗಿತ್ತು. ಉಳಿದದ್ದು ಕ್ರೂಸ್, ಅಂದರೆ ಹಡಗಿನ ಪ್ರವಾಸದ, ಬುಕಿಂಗ್ ಮಾತ್ರ. ಹಡಗಿನ ವಿಷಯದಲ್ಲಿ ನಮ್ಮವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಏನಾದರೂ ಎಡವಟ್ಟಾದರೆ ಬೈಯುವುದಕ್ಕೆ ಗುರುತಿನವರೊಬ್ಬರು ಬೇಕಿತ್ತು, ಆ ಒಬ್ಬಳು ನಾನಾಗಿದ್ದೆ.

ಒಂದು ಶನಿವಾರ ಸ್ಮಿತಾ ಮತ್ತು ವಿನಯ್ ಬಂದರು. ಇಬ್ಬರೂ ಆಸ್ಟಿನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಮನೆ ಪಕ್ಕದ ಊರು ಫ್ಲೂಗರ್‌ವಿಲ್‌ನಲ್ಲಿ. ಮದುವೆಯಾಗಿ ಐದು ತಿಂಗಳು. ಮುಂದಿನ ಮಾರ್ಚ್‌ನಲ್ಲಿ ಎರಡೂ ಕಡೆಯ ಅಪ್ಪ ಅಮ್ಮಂದಿರನ್ನು ಕರೆದುಕೊಂಡು, ಆರು ಜನ, ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ದಿನದ ಕೆರಿಬಿಯನ್ ಕ್ರೂಸ್ ಹೋಗಬೇಕು ಅಂದರು. ಸ್ಮಿತಾಳ ತಾಯಿ ಪದ್ಮಾ ಡಾಲಸ್ ಹತ್ತಿರದ ಅಲೆನ್ನಿನ ಶಾಲೆಯಲ್ಲಿ ಗಣಿತದ ಟೀಚರ್, ಆದ್ದರಿಂದ ಶಾಲೆಗೆ ರಜೆಯಿರುವ ಸ್ಪ್ರಿಂಗ್ ಬ್ರೇಕ್ ವಾರವೇ ಆಗಬೇಕಿತ್ತು. ಆ ವಾರ ಇಡೀ ಟೆಕ್ಸಾಸೇ ಹಡಗು ಹತ್ತಲು ಹೊರಡುತ್ತದೆ.

"ಆಂಟಿ, ಒಂದು ವಿಷಯ ಹೇಳಲಾ?" ಅಂದಳು ಸ್ಮಿತಾ. "ನಮ್ಮ ಪೇರೆಂಟ್ಸ್ ನಾಲ್ಕೂ ಜನ ಒಂದೇ ಟೇಬಲ್‌ನಲ್ಲಿ ಕೂತು ನಗೋದನ್ನ ನಾನು ಇವತ್ತಿನವರೆಗೂ ನೋಡಿಲ್ಲ. ಇಂಟರ್ವ್ಯೂಗೆ ಬಂದ ಹಾಗೆ ಕೂತಿರ್ತಾರೆ. ದೀಪಾವಳಿಗೆ ಯಾರ ಮನೆಗೆ ಹೋಗೋದು ಅಂತ ಇನ್ನೂ ನಿರ್ಧಾರ ಮಾಡೋಕಾಗಿಲ್ಲ."

ಕಾರಣ ತೀರಾ ಚಿಕ್ಕದು. ಮದುವೆಯ ಊಟದಲ್ಲಿ ವಿನಯನ ತಂದೆ ಈರಣ್ಣನವರು, ಹುಬ್ಬಳ್ಳಿಯ ಖಾರ ಉಂಡು ಬೆಳೆದವರು, ತಮಾಷೆಗೆ "ಸಾರು ಭಾಳ ಸಾಧು ಅದ" ಅಂದಿದ್ದರು. ಅದನ್ನು ಸ್ಮಿತಾಳ ತಂದೆ, ಮೈಸೂರಿನ ಮೂರ್ತಿಯವರು, ಮನಸ್ಸಿಗೆ ಹಚ್ಚಿಕೊಂಡರು. ಅವರು ಹಚ್ಚಿಕೊಂಡದ್ದು ಇವರಿಗೆ ಗೊತ್ತಾಯಿತು. ಅಂದಿನಿಂದ ಎರಡೂ ಕಡೆ ಮರ್ಯಾದೆ ಅತಿಯಾಗಿ, ಒಬ್ಬರನ್ನೊಬ್ಬರು ಸರ್, ಮೇಡಂ ಅಂತ ಕರೆಯಲು ಶುರುಮಾಡಿದ್ದರು.

ಆ ವಾರಕ್ಕೆ ನನ್ನ ಹತ್ತಿರ ಎರಡು ದೊಡ್ಡ ಹಡಗುಗಳಿದ್ದವು. ಒಂದು ಹದಿನಾಲ್ಕು ಅಂತಸ್ತಿನದು, ಮೂರು ಸಾವಿರಕ್ಕೂ ಹೆಚ್ಚು ಪ್ರಯಾಣಿಕರದು. ಅದರ ಹೊಟ್ಟೆಯೊಳಗೆ ಒಂದು ಅಂಗಡಿಬೀದಿ, ಮತ್ತೆ ನಂಬಿದರೆ ನಂಬಿ, ಐಸ್ ಮೇಲೆ ಜಾರುವ ರಿಂಕ್. ಇನ್ನೊಂದು ಸ್ವಲ್ಪ ಚಿಕ್ಕದು, ನಿಧಾನದ್ದು. ಹೆಚ್ಚಿನ ಕ್ಯಾಬಿನ್‌ಗಳಿಗೆ ಬಾಲ್ಕನಿ, ಒಳ್ಳೆಯ ಲೈಬ್ರರಿ. ನನ್ನ ಆಫೀಸಿನ ಭಾಷೆಯಲ್ಲಿ ಅವು ಐಸ್ ಹಡಗು ಮತ್ತು ಬಾಲ್ಕನಿ ಹಡಗು. ಎರಡರಲ್ಲೂ ಮೂರು ಮೂರು ಕ್ಯಾಬಿನ್‌ಗಳನ್ನು ಆಪ್ಷನ್ ಮೇಲೆ ಹಿಡಿದೆ. ಆಪ್ಷನ್ ಅಂದರೆ ದುಡ್ಡು ಕಟ್ಟದೆ ಕೆಲವು ದಿನ ಕಾದಿರಿಸುವುದು. ಗಡುವು ಮುಗಿದರೆ ಕ್ಯಾಬಿನ್ ಕೈಬಿಟ್ಟಂತೆ. ಆಯ್ಕೆ ಮಾಡಬೇಕಾದವರು ಹಿರಿಯರು. ತಾವು ಹೇಳಿದರೆ ಒಂದು ಕಡೆ ವಹಿಸಿಕೊಂಡ ಹಾಗಾಗುತ್ತದೆ ಅಂತ ಮಕ್ಕಳು ನನ್ನ ತಲೆಗೆ ಕಟ್ಟಿ ಹೋದರು.

ಅಲೆನ್‌ಗೆ ಫೋನ್ ಮಾಡಿದೆ. ಮೂರ್ತಿಯವರು ಅಂದರು, "ಅವರು ಗಂಡಿನ ಕಡೆಯವರು. ಅವರು ಹೇಗೆ ಹೇಳಿದರೆ ಹಾಗೆ."

ಈರಣ್ಣನವರ ಮನೆ ಹ್ಯೂಸ್ಟನ್ನಿನ ಹತ್ತಿರದ ಫುಲ್‌ಶೀರ್‌ನಲ್ಲಿ. ಅಲ್ಲಿಗೆ ಮಾಡಿದೆ. "ಮಗಳನ್ನ ಕೊಟ್ಟಾರ್ರಿ. ಇನ್ನ ಹಡಗ ಆರಿಸೋದೂ ನಾವs ಇಟ್ಕೊಂಡ್ರ ಛಲೋ ಕಾಣ್ತದೇನ್ರಿ? ಅವ್ರನ್ನs ಕೇಳ್ರಿ."

ಹೀಗೆ ಮೂರು ಸುತ್ತಾಯಿತು. ಎರಡು ಸಲ ಆಪ್ಷನ್ ಮುಗಿದು ಎರಡು ಸಲ ಮತ್ತೆ ಹಿಡಿದೆ. ಮೂರನೆಯ ಗಡುವು ಒಂದು ಶುಕ್ರವಾರ ಸಂಜೆ ಐದಕ್ಕೆ ಇತ್ತು. ನಾಲ್ಕು ಗಂಟೆಗೆ ನನ್ನ ತಾಳ್ಮೆಯೂ ಮುಗಿಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ನಮ್ಮಲ್ಲಿ. ಮದುವೆಗೆ ಸಾವಿರ ಆದರೆ ಹಡಗಿಗೆ ಒಂದು ನಡೆಯುತ್ತದೆ ಅಂದುಕೊಂಡೆ. ಅಲೆನ್‌ಗೆ ಫೋನ್ ಮಾಡಿ, ಬೀಗರಿಗೆ ಐಸ್ ಹಡಗೇ ಬೇಕಂತೆ ಅಂದೆ. ಫುಲ್‌ಶೀರ್‌ಗೂ ಮಾಡಿ ಅದನ್ನೇ ಅಂದೆ. ಐಸ್ ಹಡಗೇ ಯಾಕೆ ಅಂದರೆ, ಅದರ ಬ್ರೋಷರ್ ಮೇಜಿನ ಮೇಲೆ ಎದುರಿಗಿತ್ತು, ಅಷ್ಟೇ. ಎರಡೂ ಕಡೆ ಸಂತೋಷವೋ ಸಂತೋಷ. ನಾಲ್ಕೂವರೆಗೆ ಬುಕಿಂಗ್ ಮುಗಿಸಿ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಕಾಫಿ ಮಾಡಿಕೊಂಡೆ.

ನವೆಂಬರ್ ಕೊನೆಯಲ್ಲಿ ಪದ್ಮಾ ಒಬ್ಬರೇ ಫೋನ್ ಮಾಡಿದರು. ಧ್ವನಿ ತಗ್ಗಿಸಿ, "ನಮ್ಮ ಬೀಗಿತ್ತಿಗೆ ಮಂಡಿನೋವು ಅಂತೆ. ಅಷ್ಟು ದೊಡ್ಡ ಹಡಗಿನಲ್ಲಿ ಹೇಗೆ ಓಡಾಡ್ತಾರೆ ಪಾಪ? ಎಲ್ಲರನ್ನೂ ಬಾಲ್ಕನಿ ಹಡಗಿಗೆ ಹಾಕಿಬಿಡಿ. ನಾನು ಹೇಳಿದೆ ಅಂತ ಮಾತ್ರ ಬೇಡ. ನಮ್ಮನೆಯವರಿಗೆ ನಾನೇ ನಿಧಾನಕ್ಕೆ ಹೇಳ್ತೀನಿ," ಅಂದರು.

ಎರಡು ದಿನ ಬಿಟ್ಟು ಈರಣ್ಣನವರ ಹೆಂಡತಿ ಶಾಂತಕ್ಕ. "ಮೂರ್ತಿಯವ್ರು ಓದೋ ಮಂದಿರಿ. ಅವ್ರಿಗೆ ಲೈಬ್ರರಿ ಇರೋ ಹಡಗs ಬೇಕು, ಬಾಯಿಬಿಟ್ಟು ಹೇಳಂಗಿಲ್ಲ. ಬದಲಿ ಮಾಡ್ರಿ. ನಮ್ಮ ಮನ್ಯಾವ್ರಿಗೆ ನಾ ಹೇಳ್ತೀನಿ."

ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ, ಇನ್ನೇನು ಬೇಕು? ಫೈನಲ್ ಪೇಮೆಂಟ್ ಕಟ್ಟುವ ಮುಂಚೆ ಹಡಗು ಬದಲಿಸಲು ದಂಡವಿಲ್ಲ. ಆರೂ ಜನರನ್ನು ಬಾಲ್ಕನಿ ಹಡಗಿಗೆ ಹಾಕಿದೆ.

ಡಿಸೆಂಬರ್ ಮಧ್ಯದಲ್ಲಿ ಸ್ಮಿತಾ, ವಿನಯ್ ಪಾಸ್‌ಪೋರ್ಟ್ ಪ್ರತಿಗಳನ್ನು ಕೊಡಲು ಬಂದರು. ಕಂಪ್ಯೂಟರ್ ತಿರುಗಿಸಿ ಹೊಸ ಕ್ಯಾಬಿನ್‌ಗಳನ್ನು ತೋರಿಸಿದೆ. ವಿನಯನ ಮುಖ ಬಿಳಿಚಿಕೊಂಡಿತು.

"ಆಂಟಿ, ಬಾಲ್ಕನಿ ಹಡಗಾ? ನಮ್ಮಪ್ಪ ಏಳು ವಾರದಿಂದ ಐಸ್ ಸ್ಕೇಟಿಂಗ್ ಕಲೀತಾ ಇದಾರೆ!"

ಹ್ಯೂಸ್ಟನ್ನಿನ ಒಂದು ಮಾಲ್‌ನಲ್ಲಿ ಐಸ್ ರಿಂಕ್ ಇದೆ. ಬೀಗರು ಐಸ್ ಹಡಗು ಕೇಳಿದ್ದಾರೆ ಅಂದಮೇಲೆ ಅವರಿಗೆ ಜಾರುವುದು ಬರುತ್ತಿರಬೇಕು, ಅವರ ಮುಂದೆ ತಾವು ಕಟಕಟೆ ಹಿಡಿದು ನಿಲ್ಲುವುದು ಹೇಗೆ ಅಂತ ಐವತ್ತೊಂಬತ್ತು ವರ್ಷದ ಈರಣ್ಣನವರು ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದರಂತೆ. ಯಾರಿಗೂ ಹೇಳಕೂಡದು ಅಂತ ಮಗನಿಂದ ಆಣೆ ಹಾಕಿಸಿಕೊಂಡಿದ್ದರಂತೆ.

ಸ್ಮಿತಾ ಗಂಡನ ಮುಖವನ್ನೇ ನೋಡುತ್ತಿದ್ದಳು. "ನಮ್ಮಪ್ಪನೂ," ಅಂದಳು. "ಡಾಲಸ್‌ನ ಮಾಲ್‌ನಲ್ಲಿ. ನನ್ನ ಹತ್ತಿರಾನೂ ಪ್ರಾಮಿಸ್ ತಗೊಂಡಿದ್ರು."

ಹೆಂಗಸರಿಬ್ಬರ ಫೋನಿನ ಗುಟ್ಟು ಆಗ ನನಗೆ ಬಿಚ್ಚಿಕೊಂಡಿತು. ಬೀಗಿತ್ತಿಯ ಮಂಡಿಯೂ ಅಲ್ಲ, ಬೀಗರ ಲೈಬ್ರರಿಯೂ ಅಲ್ಲ. ಗಂಡಂದಿರ ಮೈಮೇಲಿನ, ಐಸ್ ಮೇಲೆ ಬಿದ್ದು ನೀಲಿಗಟ್ಟಿದ ಕಲೆಗಳನ್ನು ನೋಡಲಾರದೆ ಇಬ್ಬರೂ ಹಡಗನ್ನೇ ಬದಲಿಸಿದ್ದರು, ಗಂಡಂದಿರಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಇಷ್ಟಕ್ಕೆಲ್ಲ ಮೂಲ ನನ್ನ ಶುಕ್ರವಾರದ ಸುಳ್ಳು. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಮದುವೆಯ ಸಾರಿನ ಮಾತಿಗೇ ಏಳು ತಿಂಗಳು ಮುಖ ಬಿಗಿದುಕೊಂಡವರು, ಇದು ಬಯಲಾದರೆ ಏನು ಮಾಡಿಯಾರು? ಇನ್ನೊಂದು ಸುಳ್ಳು ಹೇಳಿ ಮುಚ್ಚಿಹಾಕೋಣ ಅಂತ ಒಂದು ನಿಮಿಷ ಅನ್ನಿಸಿದ್ದು ಸುಳ್ಳಲ್ಲ. ಎದುರಿಗೆ ಕೂತ ಹುಡುಗಿಯ ಮುಖ ನೋಡಿ ಮನಸ್ಸು ಬರಲಿಲ್ಲ.

ಅಲೆನ್, ಫುಲ್‌ಶೀರ್ ಎರಡನ್ನೂ ಒಂದೇ ಲೈನಿಗೆ ತಂದೆ. ಎರಡೂ ಮನೆಯಲ್ಲಿ ಸ್ಪೀಕರ್ ಹಾಕಿಸಿದೆ. "ಕ್ಷಮಿಸಬೇಕು. ಐಸ್ ಹಡಗು ಬೇಕು ಅಂತ ನೀವ್ಯಾರೂ ಹೇಳಲಿಲ್ಲ. ಹೇಳಿದವಳು ನಾನು," ಅಂದೆ.

ಸ್ಮಿತಾ ವಿನಯನ ಕೈ ಹಿಡಿದುಕೊಂಡಳು.

ಮೊದಲು ಬಂದದ್ದು ಮೂರ್ತಿಯವರ ಧ್ವನಿ: "ಹಾಗಾದರೆ ನಾನು ಏಳು ಶನಿವಾರ ಬಿದ್ದದ್ದು ಯಾರಿಗೋಸ್ಕರ?"

"ಬಿದ್ರ್ಯಾ? ಎಲ್ಲಿ ಬಿದ್ರಿ ಸರ್?" ಅಂದರು ಈರಣ್ಣನವರು.

"ಐಸ್ ಮೇಲೆ. ನಿಮ್ಮ ಮುಂದೆ ಮಾನ ಹೋಗಬಾರದು ಅಂತ ಕಲಿಯೋಕೆ ಹೋಗ್ತಿದ್ದೆ."

ಆ ಕಡೆಯಿಂದ ಮೊದಲು ಕೆಮ್ಮಿನಂಥ ಸದ್ದು ಬಂತು. ಅದು ನಗು ಅಂತ ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. "ನಾನೂ ಬಿದ್ದೇನ್ರಿ! ಇಲ್ಲಿ ಹ್ಯೂಸ್ಟನ್ನಾಗ! ಆರು ವರ್ಷದ ಹುಡಿಗಿ ಬಂದು ಕೈಹಿಡಿದು ಎಬ್ಬಿಸಿದ್ಲು ನನ್ನ!"

"ನನ್ನನ್ನ ಎಬ್ಬಿಸಿದವಳಿಗೆ ಎಂಟು ಇರಬೇಕು," ಅಂದರು ಮೂರ್ತಿ, ಪೂರ್ತಿ ಗಂಭೀರವಾಗಿ. ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

ನಗುವಿನ ನಡುವೆ ನಾನು ಹಡಗು ಬದಲಾದ ಕಥೆಯನ್ನೂ ಹೇಳಿದೆ. ಶಾಂತಕ್ಕ ಕೇಳಿದರು, "ಅಲ್ರೀ ಪದ್ಮಾ, ನನಗ ಮೊಣಕಾಲ ಬ್ಯಾನಿ ಯಾವಾಗ ಬಂತ್ರಿ?"

"ನಾನೇ ತರಿಸಿದೆ, ತಪ್ಪಾಯ್ತು," ಅಂದರು ಪದ್ಮಾ. ಮೇಡಂ ಅನ್ನುವ ಮಾತು ಯಾರ ಬಾಯಿಂದಲೂ ಮತ್ತೆ ಬರಲಿಲ್ಲ.

ಈಗ ನಾನು ಒಂದು ಷರತ್ತು ಹಾಕಿದೆ. ಪ್ರತಿಯೊಬ್ಬರೂ ತಮಗೆ ಏನು ಬೇಕೋ ಅದನ್ನು ಮಾತ್ರ ಹೇಳಬೇಕು, ಬೀಗರ ಹೆಸರು ಎತ್ತಬಾರದು. ಮೂರ್ತಿಯವರು ಹೋದ ಶನಿವಾರ ಮೊದಲ ಸಲ ಕಟಕಟೆ ಬಿಟ್ಟು ಒಂದು ಪೂರ್ತಿ ಸುತ್ತು ಹೋಗಿದ್ದರಂತೆ. ಅವರಿಗೆ ಐಸ್ ಬೇಕೇ ಬೇಕು. ಈರಣ್ಣನವರಿಗೂ ಬೇಕು. ಪದ್ಮಾಗೆ ಹಡಗಿನೊಳಗಿನ ಅಂಗಡಿಬೀದಿ. ಶಾಂತಕ್ಕ ಮಾತ್ರ "ಎಲ್ಲಾರಿಗೂ ಹೆಂಗೋ ಹಂಗ" ಅಂತ ಶುರುಮಾಡಿದರು, ನಾನು ತಡೆದೆ. "ಆತು, ಐಸ್ ಹಡಗs. ಇವ್ರು ಬೀಳೋದನ್ನ ಕಣ್ಣಾರೆ ನೋಡ್ಬೇಕು ನನಗ," ಅಂದರು.

ಕಂಪ್ಯೂಟರಿನಲ್ಲಿ ಐಸ್ ಹಡಗಿನ ಬುಕಿಂಗ್ ತೆರೆದು ನೋಡಿದೆ. ಮೂರು ಕ್ಯಾಬಿನ್ ಬೇಕಿತ್ತು, ಉಳಿದಿದ್ದವು ಎರಡೇ. ಒಂದು ಕುಟುಂಬವನ್ನು ಎರಡು ಹಡಗಿಗೆ ಹಂಚಬಾರದು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಹಾಗಂತ ಹೇಳಿಯೂ ಹೇಳಿದೆ. ಸ್ಮಿತಾ ಮೆಲ್ಲಗೆ, "ಅವರು ನಾಲ್ಕೂ ಜನ ಐಸ್ ಹಡಗಲ್ಲಿ ಹೋಗಲಿ ಆಂಟಿ, ನಾವು ಬಾಲ್ಕನಿಯಲ್ಲೇ ಇರ್ತೀವಿ," ಅಂದಳು. ವಿನಯನ ಮುಖ ನೋಡಿದರೆ ಅದೇನೂ ದೊಡ್ಡ ತ್ಯಾಗ ಅನ್ನಿಸುವ ಹಾಗಿರಲಿಲ್ಲ. ಆದರೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು, "ನಾವು ಮಧ್ಯೆ ಇಲ್ಲದೆ ಏಳು ದಿನ ಸರಿಹೋಗ್ತಾರಾ? ಫೋನಲ್ಲಿ ನಗೋದು ಬೇರೆ." ನನಗೂ ಗೊತ್ತಿರಲಿಲ್ಲ. ಎರಡು ಹಡಗೂ ಭಾನುವಾರ ಹೊರಟು ಮಂಗಳವಾರ ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ನಿಲ್ಲುತ್ತವೆ, ಅಲ್ಲಿ ಹತ್ತು ಗಂಟೆಗೆ ಭೇಟಿಯಾಗಿ ವಿಚಾರಿಸಿಕೊಳ್ಳಿ ಅಂತ ಹೇಳಿ ಕಳಿಸಿದೆ.

ಆ ಮಂಗಳವಾರ ಬೆಳಗಿನಿಂದ ನನಗೆ ಕೆಲಸ ಓಡಲಿಲ್ಲ. ಊಟದ ಹೊತ್ತಿಗೆ ಫೋನ್ ಬಂತು. ಸ್ಮಿತಾ.

"ಆಂಟಿ, ಹತ್ತು ಗಂಟೆಯಿಂದ ಕಾದ್ವಿ. ಹನ್ನೊಂದಾದರೂ ಬರಲಿಲ್ಲ. ಜಗಳ ಆಗಿದೆ ಅಂತ ನನಗೆ ಗ್ಯಾರಂಟಿ ಆಗಿತ್ತು. ಆಮೇಲೆ ಬಂದ್ರು. ಈರಣ್ಣ ಮಾಮ ಕುಂಟ್ತಾ ಇದಾರೆ, ನಮ್ಮಪ್ಪ ಅವರ ತೋಳು ಹಿಡಿದುಕೊಂಡಿದಾರೆ. ನಾಲ್ಕೂ ಜನ ಎಷ್ಟು ನಗ್ತಾ ಇದ್ರು ಅಂದರೆ, ನಮ್ಮನ್ನ ದಾಟಿಕೊಂಡು ಹೋಗ್ಬಿಟ್ರು ಆಂಟಿ! ಕೂಗಿದ ಮೇಲೆ ತಿರುಗಿ ನೋಡಿದ್ರು."

"ಆಮೇಲೆ?"

"ಆಮೇಲೆ ನಮ್ಮಮ್ಮ ಅಂದರು, ನಮ್ಮ ಊಟದ ಪ್ಲ್ಯಾನ್ ಆಗಿದೆ, ನೀವಿಬ್ಬರು ಆರಾಮಾಗಿ ಸುತ್ತಾಡಿ ಅಂತ. ನಮ್ಮನ್ನ ಬಿಟ್ಟು ಹೋದ್ರು!" ಅವಳು ನಗುತ್ತಿದ್ದಳು. ನಗುತ್ತಾ ನಗುತ್ತಾ ಅಳಲು ಶುರುಮಾಡಿದಳು. ನನ್ನ ಕಣ್ಣೂ ಒದ್ದೆಯಾಯಿತು, ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

೨೦೧೧ರಲ್ಲಿ ಏಜೆನ್ಸಿ ಮುಚ್ಚುವವರೆಗೂ ನಾನು ಮತ್ತೆ ಯಾವ ಕುಟುಂಬವನ್ನೂ ಬೇರೆ ಬೇರೆ ಫೋನಿನಲ್ಲಿ ಕೇಳಲಿಲ್ಲ. ಎಲ್ಲರನ್ನೂ ಒಂದೇ ಲೈನಿಗೆ ತಂದು, ನಿಮಗೆ ಏನು ಬೇಕು ಅಂತ ಒಬ್ಬೊಬ್ಬರನ್ನೇ ಕೇಳಿ, ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಹಡಗುಗಳ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ತಮ್ಮನ್ನು ಇಷ್ಟಪಡಲಿ ಅಂತ ಮನುಷ್ಯರು ಐಸ್ ಮೇಲೆ ಹೋಗಿ ಬೀಳಲೂ ತಯಾರಿರುತ್ತಾರೆ, ಆ ಆಸೆಯನ್ನು ಬಾಯಿಬಿಟ್ಟು ಹೇಳಲು ಮಾತ್ರ ತಯಾರಿರುವುದಿಲ್ಲ ಅನ್ನುವುದು ಈ ಕೆಲಸ ಮಾಡಿ ಗೊತ್ತಾಯಿತು.