ನಮ್ಮ ಉಸಿರಿನ ಮೇಡಂ

ಮೇಡಂ ಅವರ ಬಲಗಾಲಿನ ಕಿರುಬೆರಳು ನೆಲಕ್ಕೆ ತಾಗುತ್ತಿರಲಿಲ್ಲ. ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತು, ಮಿಕ್ಕವರ ಕೆಲಸ ತನಗೆ ಸಂಬಂಧವೇ ಇಲ್ಲವೆಂಬಂತೆ ಮೇಲೆ ನೋಡುತ್ತಿತ್ತು. ತರಬೇತಿಯ ಹಾಲಿಗೆ ಬಂದವರೇ ಚಪ್ಪಲಿ ಬಿಟ್ಟು, ಸೀರೆಯನ್ನು ನಾಲ್ಕು ಬೆರಳಷ್ಟು ಎತ್ತಿ, ತಣ್ಣನೆಯ ಕೆಂಪು ನೆಲದ ಮೇಲೆ ನಿಂತುಕೊಳ್ಳುವರು. "ನಿಮ್ಮ ಪಾದ ನೆಲಕ್ಕೆ ಎಲ್ಲೆಲ್ಲಿ ತಾಗ್ತಿದೆ ನೋಡ್ಕೊಳ್ಳಿ. ನನಗೆ ಒಂಬತ್ತೇ ಬೆರಳು ಸಿಗೋದು, ನಿಮಗೆ ಹತ್ತೂ ಸಿಗ್ಬೇಕು" ಎನ್ನುವರು. ನಾವು ನಕ್ಕರೆ ಅವರೂ ನಗುವರು.

ನಾನು ಮೇಟಗಳ್ಳಿಯ ಒಂದು ಅಂಗನವಾಡಿಯಲ್ಲಿ ಟೀಚರ್. ಟೀಚರುಗಳ ಮನಸ್ಸಿನ ನೆಮ್ಮದಿಗಾಗಿ ತಿಂಗಳಿಗೆರಡು ಶನಿವಾರ ಉಸಿರಾಟದ ತರಬೇತಿ ಎಂದಾಗ ನಮಗ್ಯಾರಿಗೂ ಖುಷಿಯಾಗಲಿಲ್ಲ. ಮಕ್ಕಳ ತೂಕ, ಎತ್ತರ, ಮೊಟ್ಟೆ, ಚುಚ್ಚುಮದ್ದು, ಗರ್ಭಿಣಿಯರ ಪಟ್ಟಿ ಎಲ್ಲವನ್ನೂ ಮೊಬೈಲಿಗೆ ತುಂಬುವಷ್ಟರಲ್ಲೇ ಉಸಿರು ಕಟ್ಟುತ್ತದೆ, ಇನ್ನು ಉಸಿರಾಡುವುದನ್ನೂ ಕಲಿಯಬೇಕೇ ಎಂದು ಆಡಿಕೊಂಡೆವು. ಉಸಿರಿನ ಮೇಡಂ ಎಂಬ ಹೆಸರನ್ನು ಇಟ್ಟವಳು ನಾನೇ. ಅದು ಅವರ ಕಿವಿಗೂ ಬಿತ್ತು, ಬೇಜಾರು ಮಾಡಿಕೊಳ್ಳಲಿಲ್ಲ. ಲಷ್ಕರ್ ಮೊಹಲ್ಲಾದ ಶಿಶುವಿಹಾರವೊಂದರಲ್ಲಿ ತಲೆ ನೆರೆಯುವವರೆಗೆ ದುಡಿದು ನಿವೃತ್ತರಾದ ಅವರಿಗೆ ಇಂಥ ಹೆಸರುಗಳ ರೂಢಿ ಇದ್ದಿರಬೇಕು.

ಯಾವ ಬಾಗಿಲಿಗೆ ಬಂದರೂ ಹೊಸ್ತಿಲಲ್ಲಿ ಒಂದು ಉಸಿರಿನಷ್ಟು ನಿಲ್ಲುತ್ತಿದ್ದರು. ಹಿಂದೆ ಬಂದವರು ಡಿಕ್ಕಿ ಹೊಡೆಯುತ್ತಿದ್ದರು.

ಮೊದಲ ದಿನ ಕಣ್ಣು ಮುಚ್ಚಿ ಎಂದರು. ಮುಚ್ಚಿದೆವು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಮೆಲ್ಲಗೆ ರೆಪ್ಪೆ ತೆರೆದು ನೋಡಿದರೆ ಎಲ್ಲರ ಕಣ್ಣೂ ಬಿಟ್ಟೇ ಇವೆ. ಉದಯಗಿರಿಯ ಟೀಚರ್ ಒಬ್ಬರು ತುಟಿಯಲ್ಲೇ ತಲೆ ಎಣಿಸುತ್ತಿದ್ದರು. ಅಲ್ಲಿ ಮಕ್ಕಳೆಲ್ಲಿ ಬರಬೇಕು, ನಮ್ಮನ್ನೇ ಎಣಿಸುತ್ತಿದ್ದರು. ನಮ್ಮ ಕೆಲಸವೇ ಹಾಗೆ. ಒಂದು ಗಳಿಗೆ ಕಣ್ಣು ಮುಚ್ಚಿದರೆ ಒಂದು ಮಗು ಬಾಗಿಲು ದಾಟಿರುತ್ತದೆ, ಇನ್ನೊಂದು ಬಳಪ ನುಂಗಿರುತ್ತದೆ. ಮೇಡಂ ನಮ್ಮನ್ನೆಲ್ಲ ನೋಡಿ, "ಹೋಗ್ಲಿ, ಬಿಟ್ಕೊಂಡೇ ಇರಿ. ನಾನೂ ಮುಚ್ಚಿರಲಿಲ್ಲ ಬುಡಿ" ಎಂದರು. "ನಾಳಿದ್ದು ಮಕ್ಕಳು ಮಲಗಿದ್ಮೇಲೆ ಎಣಿಸಿ. ಒಂದು ತಲೆಗೆ ಒಂದು ಉಸಿರು. ಅವಸರ ಬೇಡ."

ಸೋಮವಾರ ಊಟವಾದ ಮೇಲೆ ಜಮಖಾನದ ಮೇಲೆ ಮಕ್ಕಳು ನಿದ್ದೆಹೋದವು. ಗೋಡೆಗೊರಗಿ ಎಣಿಸತೊಡಗಿದೆ. ಆರನೆಯ ತಲೆಯ ಹೊತ್ತಿಗೆ ಫ್ಯಾನಿನ ಸದ್ದು ದೂರವಾಯಿತು. ಕಿಟಕಿಯಿಂದ ಬಿದ್ದ ಬಿಸಿಲು ಒಂದು ಮಗುವಿನ ಅಂಗಾಲಿನಿಂದ ಇನ್ನೊಂದರ ಕೆನ್ನೆಗೆ ಸರಿಯುವುದನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಬೇಯಿಸಿದ ಹೆಸರುಕಾಳಿನ ವಾಸನೆ, ಇಪ್ಪತ್ತೆರಡು ಪುಟ್ಟ ಎದೆಗಳ ಏರಿಳಿತ. ಕೋಣೆಯೇ ಯಾವುದೋ ಕೆರೆಯ ಮೇಲೆ ಮೆಲ್ಲಗೆ ತೇಲುತ್ತಿದೆ ಅನ್ನಿಸಿತು. ಆ ವರ್ಷದ ಎಷ್ಟೋ ಮಧ್ಯಾಹ್ನಗಳು ನನಗೆ ಈಗ ಒಂದೇ ಮಧ್ಯಾಹ್ನವಾಗಿ ನೆನಪಿವೆ.

ಒಂದನ್ನು ಬಿಟ್ಟು. ಅಂದು ಮೊಬೈಲಿಗೆ ಎಷ್ಟು ತುಂಬಿದರೂ ಮಾಹಿತಿ ಹೋಗುತ್ತಿರಲಿಲ್ಲ, ಮೇಲಿನವರ ಫೋನು ಬಿಡುತ್ತಿರಲಿಲ್ಲ. ನಾಲ್ಕು ವರ್ಷದ ಹುಡುಗಿಯೊಬ್ಬಳು ಅಮ್ಮ ಬೇಕು ಎಂದು ನನ್ನ ಸೆರಗು ಜಗ್ಗುತ್ತಲೇ ಇದ್ದಳು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಅವಳ ರಟ್ಟೆ ಹಿಡಿದು ಕುಕ್ಕಿ ಕೂರಿಸಿದೆ. ಕೈ ತೆಗೆದಾಗ ನನ್ನ ನಾಲ್ಕು ಬೆರಳೂ ಅವಳ ತೋಳಿನ ಮೇಲೆ ಕೆಂಪಗೆ ಮೂಡಿದ್ದವು. ಅವಳು ಅಳಲಿಲ್ಲ. ನನ್ನನ್ನೇ ನೋಡುತ್ತಾ ಅಳು ನುಂಗಿಕೊಂಡಳು. ಗಾರ್ಮೆಂಟ್ಸ್ ಕೆಲಸದಿಂದ ಅವಳ ತಾಯಿ ಬರುವ ಹೊತ್ತಿಗೆ ಗುರುತು ಮಾಸಿತ್ತು. ನಾನು ಬಾಯಿ ಬಿಡಲಿಲ್ಲ.

ಮರುದಿನವೇ ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಈ ಕೈಯಿಂದ ಇನ್ನು ಮಕ್ಕಳನ್ನು ಮುಟ್ಟಬಾರದು ಅನ್ನಿಸಿಬಿಟ್ಟಿತ್ತು. ಶನಿವಾರ ಎಲ್ಲರೂ ಹೋದ ಮೇಲೆ ಮೇಡಂ ಹತ್ತಿರ ಹೇಳಿಕೊಂಡೆ. ಹೋಗಲಿ ಬಿಡಿ, ದೀರ್ಘವಾಗಿ ಉಸಿರು ತೆಗೆದುಕೊಳ್ಳಿ ಎನ್ನುತ್ತಾರೆ ಎಂದುಕೊಂಡಿದ್ದೆ.

"ಅದರ ತಾಯಿಗೆ ಹೇಳಿದ್ರಾ?" ಎಂದರು.

"ಇಲ್ಲ ಮೇಡಂ."

"ಹೇಳಿ ಬನ್ನಿ. ಉಸಿರಿನ ವಿಷಯ ಆಮೇಲೆ ಮಾತಾಡೋಣ."

ನನಗೆ ಸಿಟ್ಟು ಬಂತು. ರಾಜೀನಾಮೆ ಬ್ಯಾಗಿನಲ್ಲೇ ಇದ್ದರೂ "ಕೆಲಸ ಹೋಗುತ್ತೆ ಮೇಡಂ" ಎಂದೆ.

"ಹೋಗ್ಬಹುದು" ಎಂದರು. ಆಮೇಲೆ ಹೇಳಿದರು: "ನಾನೂ ಒಂದು ಮಗೂಗೆ ಹೊಡೆದಿದ್ದೆ ಕಣಮ್ಮ, ಸ್ಕೇಲಲ್ಲಿ. ಅವರಮ್ಮಂಗೆ ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಒಂದು ತಿಂಗಳು ತಳ್ದೆ. ಕೊನೆಗೆ ಧೈರ್ಯ ಮಾಡಿ ಮನೆಗೆ ಹೋದ್ರೆ ಬೀಗ. ಊರು ಬಿಟ್ಟು ಹೊರಟುಹೋಗ್ಬುಟ್ಟಿದ್ರು. ಆಮೇಲೇ ನಾನು ಈ ಉಸಿರು ಕಲಿಯೋಕೆ ಹೋಗಿದ್ದು. ಮನಸ್ಸೇನೋ ತಣ್ಣಗಾಯ್ತು. ಆದ್ರೆ ಆ ಮಾತು ಹೇಳ್ದೆ ಹಂಗೇ ಉಳ್ಕೊಂಡಿದೆ ನೋಡಿ."

ಸೋಮವಾರ ಸಂಜೆ ಗೇಟಿನ ಹತ್ತಿರ ಆ ತಾಯಿಗೆ ಹೇಳಿದೆ. ಅವಳು ಮಗಳ ತೋಳನ್ನು ಎತ್ತಿ, ತಿರುಗಿಸಿ ನೋಡಿದಳು. ಅವಳನ್ನು ಎತ್ತಿಕೊಂಡು ಗೇಟು ದಾಟಿ ಹೋದಳು.

ಮೂರು ದಿನ ಮಗು ಬರಲಿಲ್ಲ. ಫೋನಿನಲ್ಲಿ ವಿಷಯ ತಿಳಿದ ಮೇಡಂ ಆ ಮೂರು ದಿನವೂ ಬಸ್ಸು ಹತ್ತಿ ಬಂದು ನಮ್ಮ ಕೇಂದ್ರದ ಮೆಟ್ಟಿಲ ಮೇಲೆ ಕುಳಿತು, ನಮ್ಮ ಸಹಾಯಕಿಯ ಜೊತೆ ಮೊಟ್ಟೆ ಸುಲಿದರು. ಮಗು ಬಂತೇ ಎಂದು ಒಂದು ಸಲವೂ ಕೇಳಲಿಲ್ಲ. ನಾನು ದಾರಿ ನೋಡುತ್ತಿದ್ದೆ, ಅವರೂ ನೋಡುತ್ತಿದ್ದರು. ನಾಲ್ಕನೆಯ ದಿನ ತಾಯಿ ಮಗಳನ್ನು ಕರೆತಂದಳು.

"ನೀವಾಗೇ ಹೇಳಿದ್ರಲ್ಲ ಟೀಚರ್, ಅದಕ್ಕೆ ಕರ್ಕೊಂಡ್ ಬಂದೆ. ಇನ್ನೊಂದ್ಸಲ ಇಂಗಾದ್ರೆ ನಾನು ಸುಮ್ನಿರಲ್ಲ."

"ಸುಮ್ನಿರಬೇಡಮ್ಮ" ಎಂದೆ. ಅಂದೂ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ ಮೇಡಂ ಕೈಯಲ್ಲಿದ್ದ ಮೊಟ್ಟೆ ಸುಲಿದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು.

ನಾನು ಕೆಲಸ ಬಿಡಲಿಲ್ಲ. ಕೋಪವೂ ನನ್ನನ್ನು ಪೂರ್ತಿ ಬಿಡಲಿಲ್ಲ, ಆದರೆ ಅದು ಕೈಗೆ ಇಳಿಯುವ ಮುಂಚೆ ನನಗೆ ಗೊತ್ತಾಗುತ್ತದೆ. ಆ ಹುಡುಗಿ ಒಂದನೇ ಕ್ಲಾಸಿಗೆ ಹೋದ ವರ್ಷ ಜೂನ್‌ನಲ್ಲಿ ಅದೇ ತಾಯಿ ಮೂರು ವರ್ಷದ ಎರಡನೆಯ ಮಗಳನ್ನು ಎತ್ತಿಕೊಂಡು ಬಂದಳು. "ನಮ್ಮನೆಯವರು ಕಾನ್ವೆಂಟಿಗೆ ಹಾಕೋಣ ಅಂದ್ರು. ನಾನೇ ಬೇಡ ಅಂದೆ. ಇವಳೂ ನಿಮ್ಮ ಹತ್ರನೇ ಇರ್ಲಿ ಟೀಚರ್" ಎಂದು ನನ್ನ ಕೈಗೆ ಕೊಟ್ಟು, ಫ್ಯಾಕ್ಟರಿಗೆ ಹೊತ್ತಾಯಿತೆಂದು ಓಡಿದಳು.

ಮೇಡಂಗೆ ಸಿಗದೇ ಹೋದದ್ದು ನನಗೆ ಸಿಕ್ಕಿತ್ತು. ಮೊದಲು ಅವರಿಗೇ ಹೇಳಬೇಕೆಂದು ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಫೋನು ಮಾಡಿದೆ. ಫೋನೆತ್ತಿದವರು ಅವರ ತಂಗಿ.

"ಅಕ್ಕ ಬೆಳಿಗ್ಗೆ ಹೋಗ್ಬುಟ್ಟಳಮ್ಮ. ನಿದ್ದೇಲೇ."

ಮಗುವನ್ನು ಕಂಕುಳಿಂದ ಕೆಳಗಿಳಿಸಿದೆ. ಅವರೇ ಕೇಳಿದರು: "ಏನೋ ಹೇಳೋಕೆ ಫೋನ್ ಮಾಡಿದ್ರಲ್ಲ, ಏನಮ್ಮ ಅದು?" ಅಳುತ್ತಲೇ ಎಲ್ಲವನ್ನೂ ಹೇಳಿದೆ.

"ಇರಿ" ಎಂದರು. "ಅಕ್ಕನ್ನ ಇಲ್ಲೇ ನಡುಮನೇಲಿ ಮಲಗಿಸಿದೀವಿ. ಫೋನು ಅವಳ ಕಿವಿ ಹತ್ರ ಇಡ್ತೀನಿ. ಇನ್ನೊಂದ್ಸಲ ಹೇಳ್ಬುಡಿ."

ಆ ಕಡೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು, ಆಮೇಲೆ ಅದೂ ಇಲ್ಲ. "ಮೇಡಂ, ನಾನು, ಮೇಟಗಳ್ಳಿಯೋಳು" ಎಂದು ಮೊದಲಿನಿಂದ ಹೇಳತೊಡಗಿದೆ.