ಹನಿ ಮೇಡಂ ಕೈಯೊಡ್ಡಿದ್ದು

ಮಾತಿನಲ್ಲಿ ಜಿಪುಣರಾದವರು ಬೇರೆ, ಮಾತಿಗೆ ನಾಚುವವರು ಬೇರೆ. ನಮ್ಮ ಹನಿ ಮೇಡಂ ಎರಡನೆಯ ಪಂಗಡದವರು. ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗಕ್ಕೆ ಕಪ್ಪು ಕೂದಲಲ್ಲಿ ಸೇರಿದವರು ಕೂದಲು ಬೆಳ್ಳಗಾಗುವ ತನಕ ಹುಡುಗ ಹುಡುಗಿಯರಿಗೆ ಬ್ಯೂರೆಟ್ ಎಂಬ ಗಾಜಿನ ನಳಿಗೆ ಹಿಡಿಯುವುದನ್ನು ಕಲಿಸಿದರು. "ಒಂದೊಂದೇ ಹನಿ ಬಿಡ್ರೋ, ಒಂದೊಂದೇ ಹನಿ. ಯಾರಿಗೂ ಸ್ನಾನ ಮಾಡಿಸ್ತಿಲ್ಲ ನೀವು!" ಎಂದು ಬೆನ್ನ ಹಿಂದೆ ನಿಂತು ಗದರುವರು. ಹೀಗಾಗಿ ಆ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಗದರುವುದೇನೋ ಗದರುವರು. ಕೇಳುವುದು ಮಾತ್ರ ಬಾರದು. ಬಸ್ಸಿನಲ್ಲಿ ಚಿಲ್ಲರೆ ಬಾಕಿ ಉಳಿದರೆ ಕಂಡಕ್ಟರನ ಮುಖ ನೋಡಿಕೊಂಡೇ ಇಳಿದುಬಿಡುವರು. ಅಂಗಡಿಯವನು ಸೋಪಿನ ಬದಲು ಮೇಣದ ಬತ್ತಿ ಕೊಟ್ಟರೂ ತಂದುಕೊಳ್ಳುವರು. ಕರೆಂಟು ಹೋದಾಗ ಬೇಕಾಗುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವರು.

ಈ ಗುಣ ಅಮ್ಮನ ಮನೆಯ ಗಾಳಿಯಲ್ಲೇ ಇತ್ತು. ಅಮ್ಮ ಬಟ್ಟೆ ಹೊಲಿದು ಮಗಳನ್ನು ಓದಿಸಿದವರು. ಮನೆಗೆ ಯಾರಾದರೂ ಬರುತ್ತಾರೆಂದರೆ ಪಕ್ಕದ ಮನೆಯಿಂದ ಎರಡು ಕುರ್ಚಿ ಬರುತ್ತಿದ್ದವು, ಗೋಡೆಗೊಂದು ಗಡಿಯಾರವೂ ಬರುತ್ತಿತ್ತು. ಒಮ್ಮೆ ಬಂದ ಹಿರಿಯರೊಬ್ಬರು "ಇದೇನು, ಗಡಿಯಾರ ನಿಂತುಬಿಟ್ಟಿದೆಯಲ್ಲ?" ಅಂದರು. ಆಗಿನ್ನೂ ಲಂಗ ತೊಟ್ಟುಕೊಂಡಿದ್ದ ಮಗಳು ಥಟ್ಟನೆ, "ನಮಗೆ ಗೊತ್ತಿಲ್ಲ, ಪಕ್ಕದ ಮನೆ ಅತ್ತೇನ ಕೇಳಿ, ಅವರದೇ ಅದು" ಅಂದುಬಿಟ್ಟಳು. ಅಮ್ಮನ ಮುಖ ಆಗ ಹೇಗೆ ಕಪ್ಪಿಟ್ಟಿತೆಂದರೆ, ಆ ಮಗಳು ಆಮೇಲೆ ಬಾಯಿಗೆ ಬೀಗ ಹಾಕಿಕೊಂಡೇ ಬೆಳೆದಳು.

ಇಂಥವರಿಗೆ ಸರದಿಯ ಪ್ರಕಾರ ವಿಭಾಗದ ಮುಖ್ಯಸ್ಥರ ಕುರ್ಚಿ ಬಂತು. ಕುರ್ಚಿಯ ಜೊತೆಗೆ ಫ್ಯೂಮ್ ಹುಡ್ಡಿನ ಗೋಳೂ ಬಂತು.

ಫ್ಯೂಮ್ ಹುಡ್ಡೆಂದರೆ ಗಾಜಿನ ಬಾಗಿಲಿನ ದೊಡ್ಡ ಕಪಾಟು. ವಿಷದ ಹೊಗೆ ಏಳುವ ಪ್ರಯೋಗಗಳನ್ನು ಅದರೊಳಗೆ ಮಾಡಬೇಕು. ನೆತ್ತಿಯ ಮೇಲಿನ ಫ್ಯಾನು ಹೊಗೆಯನ್ನು ಹೀರಿ ಕೊಳವೆಯಲ್ಲಿ ಹೊರಕ್ಕೆ ತಳ್ಳುತ್ತದೆ. ಈ ವಿಭಾಗದ ಹುಡ್ಡುಗಳ ಫ್ಯಾನುಗಳನ್ನು ಆಸಿಡ್ಡಿನ ಆವಿ ಎಂದೋ ತಿಂದು ಹಾಕಿತ್ತು. ಕೊಳವೆಗಳು ಜರಡಿಯಾಗಿದ್ದವು. ಹುಡ್ಡುಗಳಿದ್ದ ಹಿಂಬದಿಯ ಪ್ರಯೋಗಶಾಲೆಯಲ್ಲಿ ಪ್ರಾಕ್ಟಿಕಲ್ಸ್ ನಡೆದ ದಿನ ಕೊಳೆತ ಮೊಟ್ಟೆಯ ವಾಸನೆ ಕಾರಿಡಾರಿನ ತುದಿಯವರೆಗೂ ಹೋಗುತ್ತಿತ್ತು. ಮಕ್ಕಳು ಒದ್ದೆ ಕರ್ಚೀಫು ಕಟ್ಟಿಕೊಂಡು, ಕಿಟಕಿಗೊಮ್ಮೆ ಓಡಿ ಉಸಿರೆಳೆದುಕೊಂಡು ಬಂದು, ಮತ್ತೆ ಟೆಸ್ಟ್ ಟ್ಯೂಬು ಹಿಡಿಯುತ್ತಿದ್ದರು. ಸುರಕ್ಷತಾ ಸಮಿತಿಯವರು ಬಂದು, ಕೆಮ್ಮುತ್ತಲೇ ಆಜ್ಞೆ ಮಾಡಿದರು: ಮುಂದಿನ ಸೆಮಿಸ್ಟರಿನೊಳಗೆ ಹುಡ್ಡು ಸರಿಯಾಗದಿದ್ದರೆ ಪ್ರಯೋಗಶಾಲೆಗೆ ಬೀಗ.

ಪ್ರಯೋಗವಿಲ್ಲದ ಕೆಮಿಸ್ಟ್ರಿಯೆಂದರೆ ನೀರಿಲ್ಲದ ಈಜು. ಮೇಡಂ ಕುಲಪತಿಗಳ ಮುಂದೆ ಹೋಗಿ ನಿಂತರು. ಇವರು ಬಾಯಿ ತೆರೆಯುವ ಮೊದಲೇ ಅವರು ಮುಂದಾಗಿ, "ದುಡ್ಡೊಂದು ಬಿಟ್ಟು ಬೇರೇನಾದ್ರೂ ಕೇಳಿ ಮೇಡಂ. ಯಾರಾದ್ರೂ ದಾನಿಗಳನ್ನ ಹಿಡೀರಿ" ಎಂದು ಕೈಮುಗಿದರು.

ದಾನಿ ಎಂದೊಡನೆ ಎಲ್ಲರ ಬಾಯಿಗೂ ಬಂದದ್ದು ಊರ ಹೊರಗೆ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆಯ ಒಡತಿ. ಜನ ಅವರನ್ನು ಬಣ್ಣದ ಯಜಮಾನಿ ಅನ್ನುತ್ತಿದ್ದರು. ತೀರಿಕೊಂಡ ಅವರ ಗಂಡ ಇದೇ ವಿಭಾಗದಲ್ಲಿ ಓದಿದವರು. ಯಾರೋ ಹೇಳಿಕಳಿಸಿದರು, ಆಕೆಯೂ ನೋಡಲು ಬರುತ್ತೇನೆಂದರು. ಅಲ್ಲಿಂದ ಸಡಗರ ಶುರುವಾಯಿತು.

ವಿಭಾಗದಲ್ಲೊಬ್ಬರು ಸಲಹೆ ಮೇಷ್ಟ್ರಿದ್ದರು. ಪಾಠಕ್ಕಿಂತ ಸಲಹೆಯೇ ಹೆಚ್ಚು.

"ಮೇಡಂ, ಬಡಕಲು ಹಸೂಗೆ ಯಾರ್ರೀ ಹುಲ್ಲು ಹಾಕ್ತಾರೆ? ನಾವು ಹಾಲು ಕೊಡೋ ಹಸು ಥರ ಕಾಣ್ಬೇಕು" ಅಂದರು ಅವರು.

"ಹಾಗಂದ್ರೆ?"

"ಹಿಂದಿನ ಲ್ಯಾಬಿಗೆ ಬೀಗ ಹಾಕಿ. ಮುಂದಿನದಕ್ಕೆ ಸುಣ್ಣ ಬಣ್ಣ ಮಾಡ್ಸೋಣ. ಫಾರ್ಮಸಿ ವಿಭಾಗದವರ ಹತ್ರ ಹೊಸಾ ಡಿಜಿಟಲ್ ತಕ್ಕಡಿಗಳಿವೆ, ಒಂದಿನಕ್ಕೆ ಕೊಡ್ತಾರೆ. ಕೇಳೋ ಕೆಲಸ ನಾನು ಮಾಡ್ತೀನಿ, ನೀವು ಹೂಂ ಅನ್ನಿ ಸಾಕು."

ಬೇರೆಯವರು ಕೇಳುತ್ತಾರೆಂದ ಮೇಲೆ ಇನ್ನೇನು! ಮೇಡಂ ಹೂಂ ಅಂದರು. ಅಂದಮೇಲೆ ಅವರಿಗೂ ಹುರುಪು ಬಂತು. ಹೊಗೆಯೇಳದ ಪ್ರಯೋಗಗಳನ್ನೇ ಆರಿಸಿದರು. ಬಿಳಿ ಕೋಟಿಗೆ ತೂತು ಬೀಳದ ಮಕ್ಕಳನ್ನೇ ಮುಂದೆ ನಿಲ್ಲಿಸಿದರು. ಕೊನೆಯ ವರ್ಷದಲ್ಲೊಬ್ಬಳು ಹುಡುಗಿಯಿದ್ದಳು. ತರಗತಿಗೇ ಜಾಣೆ, ಆದರೆ ಹಿಂದಿನ ಲ್ಯಾಬಿನ ಹೊಗೆ ಕುಡಿದು ಕುಡಿದು ಕೆಮ್ಮು ಅಂಟಿಕೊಂಡಿತ್ತು. ಅವಳನ್ನು ಮೇಡಂ ಪಕ್ಕಕ್ಕೆ ಕರೆದು, "ಮರಿ, ನೀನು ಇವತ್ತು ಲೈಬ್ರರೀಲಿ ಕೂತಿರಮ್ಮ" ಅಂದರು. ಅವಳು ಪುಸ್ತಕ ಎತ್ತಿಕೊಂಡು ಹೋದಳು.

ಯಜಮಾನಿ ಬಂದರು. ಗುಂಡಗಿನ ಮೈ, ಕುತ್ತಿಗೆಗೆ ದಾರದಲ್ಲಿ ತೂಗುವ ಕನ್ನಡಕ, ಬೆರಳ ತುದಿಗೆ ಎಷ್ಟು ತೊಳೆದರೂ ಹೋಗದ ನೀಲಿ. ಗೋಡೆ ನೋಡಿದರು, ತಕ್ಕಡಿ ನೋಡಿದರು. ಮಕ್ಕಳು ಒಂದೊಂದೇ ಹನಿ ಬಿಟ್ಟರು. ಬಣ್ಣವಿಲ್ಲದ ದ್ರಾವಣ ಕೊನೆಯ ಹನಿಗೆ ತೆಳು ಗುಲಾಬಿಗೆ ತಿರುಗಿತು. ಯಜಮಾನಿ ಕೂಸಿನ ಹಾಗೆ ಚಪ್ಪಾಳೆ ತಟ್ಟಿದರು.

"ವಾಸನೇನೇ ಇಲ್ವಲ್ಲ ಮೇಡಂ! ನಮ್ಮ ಯಜಮಾನ್ರು ಇಲ್ಲಿ ಓದೋವಾಗ ಮನೆಗೆ ಬಂದ್ರೆ ಅಂಗಳದಲ್ಲೇ ಅಂಗಿ ಬಿಚ್ಚಿಸ್ತಿದ್ರಂತೆ ನಮ್ಮತ್ತೆ. ಈಗ ನೋಡಿದ್ರೆ ಆಸ್ಪತ್ರೆ ಥರ ಫಳಫಳ ಅಂತಿದೆ."

"ಎಲ್ಲಾ ನಿಮ್ಮಂಥವರ ಆಶೀರ್ವಾದ" ಎಂದರು ಸಲಹೆ ಮೇಷ್ಟ್ರು.

"ನಮ್ಮ ಆಶೀರ್ವಾದ ಏನ್ಬಂತು, ನಾನು ಬಂದಿದ್ದೇ ಇವತ್ತು. ನಂಗೆ ತುಂಬಾ ಸಂತೋಷ ಆಯ್ತು. ನಿಮ್ಗೆ ಏನೂ ಕೊರತೆ ಇಲ್ಲ. ನಮ್ಮ ಕಾರ್ಖಾನೆ ಹಿಂದಿನ ಶಾಲೆಗೆ ಸೂರಿಲ್ಲ, ಅದಕ್ಕೇ ಕೊಟ್ಬಿಡ್ತೀನಿ."

ಸಲಹೆ ಮೇಷ್ಟ್ರು ಮೇಡಂ ಮುಖ ನೋಡಿದರು. ಮೇಡಂ ನೆಲ ನೋಡಿದರು. 'ಇದೆಯಮ್ಮ, ಕೊರತೆ ಇದೆ' ಎನ್ನಲು ನಾಲಿಗೆ ಮೇಲೇಳಲಿಲ್ಲ. ನಗುನಗುತ್ತಾ ಬಾಗಿಲವರೆಗೆ ಕಳಿಸಲು ಹೊರಟರು.

ಅಷ್ಟರಲ್ಲಿ ಕಾರಿಡಾರಿನಲ್ಲಿ ಗಡಗಡ ಸದ್ದು. ಫಾರ್ಮಸಿಯ ಅಟೆಂಡರಣ್ಣ ತಳ್ಳುಗಾಡಿ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದ.

"ಬಂದುಹೋದ್ರಾ ಮೇಡಂ ಆ ದುಡ್ಡಿನಮ್ಮ? ನಮ್ ತಕ್ಕಡಿ ಕೊಡಿ. ಅಲ್ಲಿ ನಮ್ ಸಾಹೇಬ್ರು ಕುಣೀತಿದ್ದಾರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮೇಡಂಗೆ. ಭೂಮಿ ಯಾವತ್ತು ಕೇಳಿದಾಗ ಬಾಯಿ ಬಿಟ್ಟಿದೆ?

ಯಜಮಾನಿ ತಳ್ಳುಗಾಡಿ ನೋಡಿದರು, ತಕ್ಕಡಿ ನೋಡಿದರು, ಮೇಡಂ ಮುಖವನ್ನೂ ನೋಡಿದರು. ಕನ್ನಡಕ ಏರಿಸಿಕೊಂಡು ನಿಧಾನವಾಗಿ, "ಆ ದುಡ್ಡಿನಮ್ಮ ಇನ್ನೂ ಹೋಗಿಲ್ಲಪ್ಪ" ಅಂದರು. ಮೇಡಂ ಕಡೆ ತಿರುಗಿ, "ನಂಗೆ ತೋರ್ಸೋಕೆ ಅಂತ ನೆರೆಮನೆ ಒಡವೆ ಹಾಕ್ಕೊಂಡ್ರಾ? ಹುಡುಗಿ ನೋಡೋಕೆ ಬಂದಿದ್ನಾ ನಾನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರು ಹತ್ತಿದರು.

ಅಟೆಂಡರಣ್ಣನ ಮುಖ ಹುಳ್ಳಗಾಯಿತು. ಸಲಹೆ ಮೇಷ್ಟ್ರು, "ಇವ್ನು ಸ್ವಲ್ಪ ತಡವಾಗಿ ಬಂದಿದ್ರೆ..." ಎಂದು ಶುರುಮಾಡಿದರು. ಮೇಡಂಗೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಯಾಕೆಂದರೆ ಎದುರಿಗೆ ಆ ಹುಡುಗಿ ಬಂದು ನಿಂತಿದ್ದಳು. ಪುಸ್ತಕವನ್ನು ಎದೆಗವಚಿಕೊಂಡು, ಬಾಯಿಗೆ ಕೈಯಡ್ಡ ಹಿಡಿದು, ಕೆಮ್ಮನ್ನು ಒಳಗೇ ನುಂಗುತ್ತಾ, "ಮೇಡಂ, ಅವರು ಹೋದ್ರಾ? ನಾನಿನ್ನು ಒಳಗೆ ಬರ್ಬಹುದಾ?" ಎಂದಳು.

ತಕ್ಕಡಿಯ ನಾಚಿಕೆ ಮುಖಕ್ಕೆ ತಾಗಿತ್ತು. ಈ ನಾಚಿಕೆ ಹೊಟ್ಟೆಗೆ ಇಳಿಯಿತು. ಯಾರ ಸಲುವಾಗಿ ಫ್ಯಾನು ಬೇಕಿತ್ತೋ ಅವಳನ್ನೇ ತಾನು ಹೊಲಸಿನ ಹಾಗೆ ಮರೆಗೆ ಸರಿಸಿದೆನಲ್ಲ! "ಬಾ" ಎಂದಷ್ಟೇ ಅಂದರು. ಅದಕ್ಕಿಂತ ಹೆಚ್ಚಿಗೆ ಅಂದಿದ್ದರೆ ಅಲ್ಲೇ ಅಳು ಬರುತ್ತಿತ್ತು.

ಮನೆಗೆ ಹೋದಾಗ ಅಮ್ಮ ಕಿಟಕಿಯ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದರು. ಕಣ್ಣು ಮಂಜಾಗಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಮಗಳು ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ, ಮನಸ್ಸಿನ ಬೇಗೆ ತಡೆಯದೆ, "ನಿನ್ನಿಂದ ಕಲಿತದ್ದೇ ಅಲ್ವೇನಮ್ಮಾ ಇದು? ಪಕ್ಕದ ಮನೆ ಕುರ್ಚಿ!" ಎಂದುಬಿಟ್ಟರು.

ಅಮ್ಮ ದಾರ ಕಚ್ಚಿ ತುಂಡು ಮಾಡಿದರು. "ಕುರ್ಚಿ ತಂದದ್ದು ಬಂದವರು ಕೂರಲಿ ಅಂತ ಕಣೇ. ಬಂದವರನ್ನ ನೆಲದ ಮೇಲೆ ಕೂರಿಸ್ಲಾ?"

"ಗಡಿಯಾರ?"

"ಗಡಿಯಾರ ಜಂಬಕ್ಕೆ. ಸುಳ್ಳ್ಯಾಕೆ ಹೇಳ್ಲಿ. ಅದಕ್ಕೇ ನಿನ್ನ ಬಾಯಿಂದ ಮಾನ ಹರಾಜಾಯ್ತು." ಇನ್ನೊಂದು ಗುಂಡಿ ಎತ್ತಿಕೊಂಡು ಅಮ್ಮನೇ ಮತ್ತೆ ಅಂದರು: "ಆದ್ರೆ ನಿಂಗೆ ಜ್ವರ ಬಂದು ಕಣ್ಣು ಮೇಲಾದಾಗ ಕತ್ತಲಲ್ಲಿ ಬೀದಿಯವರ ಬಾಗಿಲೆಲ್ಲಾ ಬಡಿದೆ. ಒಂದು ಗಾಡಿ ಕೊಡಿ, ಒಂದು ಗಾಡಿ ಕೊಡಿ ಅಂತ. ಅವತ್ತು ನಾಚಿಕೆ ಎಲ್ಲಿತ್ತೋ! ಮಕ್ಕಳ ಉಸಿರಿನ ವಿಷಯ ಬಂದಾಗ ಎಂಥ ಮಾನವೇ?"

ಇದನ್ನು ಅಮ್ಮ ಅದುವರೆಗೆ ಹೇಳಿರಲಿಲ್ಲ. ಮೇಡಂ ಅಂದು ಊಟವನ್ನು ತಟ್ಟೆಯಲ್ಲೇ ಕಲಸಿಟ್ಟು ಎದ್ದರು.

ಮರುದಿನ ಬೆಳಗ್ಗೆ ವಿಭಾಗಕ್ಕೆ ಹೋಗುವ ಬದಲು ಕಾರ್ಖಾನೆಯ ದಾರಿ ಹಿಡಿದರು. ಆಸಿಡ್ಡು ಬಿದ್ದು ತೂತಾದ ತಮ್ಮ ಹಳೆಯ ಕೋಟನ್ನು ಚೀಲದಲ್ಲಿಟ್ಟುಕೊಂಡಿದ್ದರು, ಗೇಟಿನ ಹತ್ತಿರ ಅದೂ ಒಂದು ವೇಷವೆನ್ನಿಸಿ ಹೊರಗೆ ತೆಗೆಯಲಿಲ್ಲ. ಕಾವಲುಗಾರ "ಏನು ವಿಷಯ?" ಎಂದ. "ಕೇಳೋದಿದೆ" ಎಂದರು. "ಏನು ಕೇಳೋದು?" "ಸಹಾಯ ಕೇಳೋದು." ಅವನು ಬೆಂಚು ತೋರಿಸಿದ. ಅಲ್ಲಿ ಕೆಲಸ ಕೇಳಲು ಬಂದವರ ಸಾಲಿನಲ್ಲಿ ಮೇಡಂ ಕೂತರು. ಅವರಲ್ಲೊಬ್ಬ ಅವರ ಹಳೇ ವಿದ್ಯಾರ್ಥಿ! "ಮೇಡಂ, ನೀವಿಲ್ಲಿ?" ಎಂದು ಎದ್ದು ನಿಂತ. ಮೇಡಂ ಕಿವಿಯವರೆಗೂ ಕೆಂಪಾದರು. ಎದ್ದು ಓಡಿಬಿಡಲೇ ಎನ್ನಿಸಿತು. "ನಾನೂ ನಿನ್ನ ಥರಾನೇ ಬಂದಿದ್ದೀನಪ್ಪ. ಕೂತ್ಕೋ" ಎಂದರು.

ಸರದಿ ಬಂತು. ಯಜಮಾನಿ ಮೇಜಿನ ಮೇಲೆ ಬಣ್ಣದ ನೂಲುಗಳನ್ನು ಹರಡಿಕೊಂಡಿದ್ದರು. ತಲೆಯೆತ್ತದೆ, "ಇವತ್ತು ಯಾರದ್ದು ಹಾಕ್ಕೊಂಡು ಬಂದಿದ್ದೀರಿ?" ಅಂದರು.

"ನಂದೇ" ಎಂದರು ಮೇಡಂ. "ಅಮ್ಮಾ, ನಿನ್ನೆ ನಿಮಗೆ ತೋರಿಸಿದ್ದು ನಮ್ಮ ನಿಜವಾದ ಲ್ಯಾಬಲ್ಲ. ಅದು ಹಿಂದಿದೆ, ಅದಕ್ಕೆ ಬೀಗ ಹಾಕಿದ್ವಿ. ಅದರಲ್ಲಿ ಹೊಗೆ ಹೋಗೋಕೆ ದಾರಿ ಇಲ್ಲ. ಮಕ್ಕಳು ಅದನ್ನೇ ಕುಡೀತಾರೆ."

ಯಜಮಾನಿ ಇನ್ನೂ ತಲೆಯೆತ್ತಲಿಲ್ಲ.

"ತಕ್ಕಡಿಗೆ ನೀವು ಬೈದಿರಿ, ಅದು ಸಣ್ಣದು. ಒಬ್ಬ ಹುಡುಗಿ ಕೆಮ್ತಾಳೆ. ನಿಮ್ಗೆ ಕೇಳಿಸಬಾರದು ಅಂತ ಅವಳನ್ನ ಲೈಬ್ರರಿಗೆ ಕಳಿಸಿದ್ದೆ. ನಾನೇ ಕಳಿಸಿದ್ದು, ಯಾರ ಸಲಹೇನೂ ಅಲ್ಲ. ನಮ್ಗೆ ಫ್ಯಾನು ಬೇಕು, ಕೊಳವೆ ಬೇಕು. ಕೊಡಿ."

ಹನಿ ಹನಿಯಾಗಿ ಅಲ್ಲ, ಒಡೆದ ಕೊಡದ ಹಾಗೆ ಮಾತು ಸುರಿದಿತ್ತು. ಯಜಮಾನಿ ನೂಲು ಕೆಳಗಿಟ್ಟರು.

"ನಮ್ಮ ಯಜಮಾನ್ರಿಗೂ ಕೆಮ್ಮಿತ್ತು" ಅಂದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಫ್ಯಾನು ನಂದು. ನಮ್ಮ ಫಿಟ್ಟರೇ ಬಂದು ಕೂರಿಸ್ತಾನೆ. ಶಾಲೆ ಸೂರಿಗೆ ಮಾತು ಕೊಟ್ಟಾಗಿದೆ, ಕೊಳವೆ ನನ್ನ ಕೈಲಾಗಲ್ಲ. ತಗಡಿನ ಅಂಗಡಿ ಮಾವ ಇದ್ದಾನೆ. ಬಾಯಿ ಜೋರು, ಕೈ ಧಾರಾಳ. ನಾನು ಕರ್ಕೊಂಡು ಹೋಗ್ತೀನಿ, ಕೇಳೋದು ಮಾತ್ರ ನೀವೇ. ಈಗ ಹೇಳಿದ್ದೆಲ್ಲಾ ಹೇಳ್ಬೇಕು" ಎಂದರು.

"ಎಲ್ಲಾನೂ?"

"ಎಲ್ಲಾನೂ. ಹುಡುಗೀದು, ತಕ್ಕಡೀದು, ನನ್ನನ್ನ ದುಡ್ಡಿನಮ್ಮ ಅಂದದ್ದೂ."

ತಗಡಿನ ಅಂಗಡಿಯೆಂದರೆ ಗದ್ದಲದ ಗೂಡು. ನಾಲ್ಕಾರು ಕಡೆ ಸುತ್ತಿಗೆ ಬೀಳುತ್ತಿತ್ತು. ಬಕೆಟ್ಟು ಕೊಳ್ಳಲು ಬಂದವರು, ಡಬ್ಬ ರಿಪೇರಿಗೆ ತಂದವರು ಬಾಗಿಲಲ್ಲೇ ತುಂಬಿದ್ದರು. ಅಂಗಡಿಯ ಮಾವ ತಗಡಿನ ಹಾಳೆಯನ್ನು ಮೊಣಕಾಲಿನ ಕೆಳಗೆ ಒತ್ತಿ ಹಿಡಿದು ಕತ್ತರಿಸುತ್ತಿದ್ದ. ಯಜಮಾನಿ ಬಾಗಿಲಲ್ಲೇ ನಿಂತುಕೊಂಡು ಮೇಡಂ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದರು.

ಮೇಡಂ ಮುಂದೆ ಹೋದರು. ಮುಖ ಉರಿಯುತ್ತಿತ್ತು. "ನಾನು ಯೂನಿವರ್ಸಿಟಿಯಿಂದ ಬಂದಿದ್ದೀನಿ. ನಿನ್ನೆ ನಾನೊಂದು ನಾಚಿಕೆಗೇಡಿನ ಕೆಲಸ ಮಾಡಿದೆ" ಎಂದು ಶುರುಮಾಡಿದರು.

ಮಾವ ಕಿವಿಗೆ ಕೈ ಕೊಟ್ಟ. "ಏನಂದ್ರಿ? ಗಲಾಟೇಲಿ ಕೇಳ್ಸಲ್ಲ ತಾಯಿ, ಜೋರಾಗಿ ಹೇಳಿ!" ಎಂದವನೇ ತಿರುಗಿ ಗದರಿದ, "ಏಯ್, ನಿಲ್ಸ್ರೋ ಬಡಿಯೋದ!"

ಸುತ್ತಿಗೆಗಳೆಲ್ಲ ನಿಂತವು. ಬಕೆಟ್ಟಿನವರು, ಡಬ್ಬದವರು ಎಲ್ಲರೂ ತಿರುಗಿ ನೋಡಿದರು. ಹನಿ ಮೇಡಂ ಒಮ್ಮೆ ಉಸಿರೆಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ, ಮೊದಲಿನಿಂದ ಹೇಳತೊಡಗಿದರು.